ಮೊದಲು ದನಿ, ಆಮೇಲೆ ಪರದೆ

ಮಗು ತನ್ನದೇ ದನಿಯಲ್ಲಿ ಹೇಳಿದ ಕತೆಗೆ ಚಿತ್ರಗಳನ್ನು ಹೊಂದಿಸಿ ಕಟ್ಟಿದ ಎರಡು-ಮೂರು ನಿಮಿಷದ ವಿಡಿಯೊವೇ ಡಿಜಿಟಲ್ ಕತೆ. 1990ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೋ ಲ್ಯಾಂಬರ್ಟ್, ಡೇನಾ ಆಚ್ಲಿ ಮತ್ತು ಸಂಗಡಿಗರು ನಡೆಸಿದ ಕಮ್ಮಟಗಳಲ್ಲಿ ಈ ರೂಪ ಕುದುರಿತು. ಚಿತ್ರೀಕರಣದ ಅನುಭವವಿಲ್ಲದವರೂ ತಮ್ಮ ಬಾಳಿನ ಒಂದು ಘಟನೆಯನ್ನು ತಾವೇ ಹೇಳಬೇಕೆಂಬುದು ಅಲ್ಲಿನ ಪದ್ಧತಿ. ಮೊದಲು ಎಲ್ಲರೂ ದುಂಡಗೆ ಕೂತು ಒಬ್ಬರ ಕತೆಯನ್ನು ಒಬ್ಬರು ಕೇಳಿಸಿಕೊಳ್ಳುತ್ತಿದ್ದರು. ಪ್ರಾಥಮಿಕ ಶಾಲೆಗೆ ಈ ಕ್ರಮ ಹೇಳಿ ಮಾಡಿಸಿದಂತಿದೆ.

ತರಗತಿಯಲ್ಲಿ ಇಂಥ ಕೆಲಸ ಹಳಿ ತಪ್ಪುವುದು ಹೆಚ್ಚಾಗಿ ಮೊದಲ ದಿನವೇ ಟ್ಯಾಬು ಮಕ್ಕಳ ಕೈಗೆ ಹೋದಾಗ. ಅಕ್ಷರಕ್ಕೆ ಯಾವ ಬಣ್ಣ, ಚಿತ್ರ ಎಲ್ಲಿಂದ ಹಾರಿ ಬರಬೇಕು ಎನ್ನುವುದರಲ್ಲೇ ಪೀರಿಯಡ್ಡು ಮುಗಿದು ಕತೆ ಹಿಂದೆ ಬೀಳುತ್ತದೆ. 40 ನಿಮಿಷದ 10 ಪೀರಿಯಡ್ಡು ಸಿಕ್ಕರೆ ಆರನ್ನು ಮಾತು, ಬರಹ, ಚಿತ್ರಗಳಿಗೇ ಮೀಸಲಿಡಬೇಕು. ದನಿಮುದ್ರಣಕ್ಕೆ ಎರಡು, ಜೋಡಣೆಗೆ ಒಂದು, ತೋರಿಸಲು ಒಂದು ಸಾಕು. 30 ಮಕ್ಕಳಿದ್ದರೆ ಐದೈದು ಮಂದಿಯ ಆರು ಗುಂಪು ಮಾಡಿದಾಗ ಶಿಕ್ಷಕರ ಒಂದೇ ಫೋನಿನಲ್ಲೂ ಕೆಲಸ ಸಾಗುತ್ತದೆ.

ಕತೆ ಸಣ್ಣದಿರಬೇಕು. ‘ನಮ್ಮೂರು’ ಎಂಬ ವಿಷಯ ಕೊಟ್ಟರೆ ನಾಲ್ಕನೇ ತರಗತಿಯ ಮಗು ಪಠ್ಯಪುಸ್ತಕದ ಸಾಲುಗಳನ್ನೇ ಒಪ್ಪಿಸುತ್ತದೆ. ಜಾತ್ರೆಯಲ್ಲಿ ಅಪ್ಪನ ಕೈ ತಪ್ಪಿದ ಗಳಿಗೆ, ಕರು ಹಾಕಿದ ರಾತ್ರಿ, ಕೊಟ್ಟಿಗೆಯ ಮೂಲೆ ಸೇರಿದ ಬೀಸುಕಲ್ಲು, ಇಂಥವು ಕತೆಯಾಗುತ್ತವೆ. ‘ನಮ್ಮಜ್ಜಿ ತುಂಬಾ ಒಳ್ಳೆಯವರು’ ಎಂದು ಮಗು ಬರೆದರೆ ಅದನ್ನು ತಿದ್ದುವ ಬದಲು ಇನ್ನೊಂದು ಪ್ರಶ್ನೆ ಕೇಳಬೇಕು: ಅಜ್ಜಿ ಬೆಳಗ್ಗೆ ಎದ್ದ ಕೂಡಲೇ ಏನು ಮಾಡುತ್ತಾರೆ? ಆಗ ಎಲೆಅಡಿಕೆ ಸಂಚಿ ಹೊರಬರುತ್ತದೆ. ಸುಣ್ಣದ ಡಬ್ಬಿಯ ಮುಚ್ಚಳ ಸಡಿಲವಾಗಿರುವುದು, ಅದಕ್ಕೆ ಅಜ್ಜಿ ಬಟ್ಟೆಯ ಚೂರು ಸುತ್ತಿರುವುದು ನೆನಪಾಗುತ್ತದೆ. ಕತೆ ಅಲ್ಲಿಂದ ಶುರುವಾಗುತ್ತದೆ.

ಬರಹ 150ರಿಂದ 200 ಪದ ದಾಟದಿದ್ದರೆ ಓದಲು ಎರಡು ನಿಮಿಷದ ಆಸುಪಾಸು ಹಿಡಿಯುತ್ತದೆ. ಇಲ್ಲಿ ಭಾಷೆಯ ಪ್ರಶ್ನೆ ದೊಡ್ಡದು. ಧಾರವಾಡದ ಮಗು ‘ಹೋಗ್ತೀನ್ರಿ’ ಎಂದದ್ದನ್ನು ‘ಹೋಗುತ್ತೇನೆ’ ಎಂದು ತಿದ್ದಿದರೆ ಮಗುವಿನ ದನಿಯೇ ಅಳಿಸಿಹೋಗುತ್ತದೆ. ಪರೀಕ್ಷೆಯ ಉತ್ತರಕ್ಕೆ ಗ್ರಂಥಸ್ಥ ಕನ್ನಡ ಇರಲಿ, ಕತೆಗೆ ಮನೆಮಾತೇ ಬೇಕು. ಮನೆಯಲ್ಲಿ ತುಳು, ಲಂಬಾಣಿ, ಉರ್ದು ಆಡುವ ಮಕ್ಕಳ ಕತೆಯಲ್ಲಿ ಅಜ್ಜಿಯ ಮಾತು ಆ ನುಡಿಯಲ್ಲೇ ಬಂದರೆ ಕತೆಗೆ ಜೀವ ಹೆಚ್ಚು.

ಮುಂದಿನದು ಚಿತ್ರಗಳ ಸರಣಿ, ಅಂದರೆ ಸ್ಟೋರಿಬೋರ್ಡ್. ಕತೆಯನ್ನು ಎಂಟು ತುಂಡು ಮಾಡಿ ಒಂದೊಂದಕ್ಕೆ ಒಂದು ಚಿತ್ರ ಬರೆಸಬೇಕು. ಎರಡು ನಿಮಿಷದಲ್ಲಿ ಪ್ರತಿ ಚಿತ್ರ 15 ಸೆಕೆಂಡು ನಿಲ್ಲುತ್ತದೆ. ಅಷ್ಟು ಹೊತ್ತು ಒಂದೇ ಚಿತ್ರವೇ ಎಂದು ಅಳುಕಬೇಕಾಗಿಲ್ಲ. ಕರ್ನಾಟಕದ ತೊಗಲುಗೊಂಬೆಯಾಟದಲ್ಲಿ ಇಡೀ ಸನ್ನಿವೇಶವನ್ನೇ ಒಂದು ತೊಗಲಿನಲ್ಲಿ ಬಿಡಿಸಿದ ದೊಡ್ಡ ಗೊಂಬೆಗಳಿವೆ. ಅವು ಹೆಚ್ಚು ಕದಲುವುದಿಲ್ಲ, ಪರದೆಯ ಹಿಂದಿನ ದನಿಯೇ ಅವಕ್ಕೆ ಜೀವ ತುಂಬುತ್ತದೆ. ವಿಡಿಯೊದ ಚೌಕಟ್ಟು 16:9 ಅಳತೆಯದು. ಹಾಗಾಗಿ ಹಾಳೆಯನ್ನು ಅಡ್ಡ ಹಿಡಿದು ಸ್ಕೇಲಿನಿಂದ 16 ಸೆಂ.ಮೀ. ಅಗಲ, 9 ಸೆಂ.ಮೀ. ಎತ್ತರದ ಚೌಕಟ್ಟು ಎಳೆಸಿದರೆ ಚಿತ್ರದ ಅಂಚು ಕತ್ತರಿಸಿ ಹೋಗುವುದಿಲ್ಲ. ಪೆನ್ಸಿಲ್ ಗೆರೆ ಫೋಟೊದಲ್ಲಿ ಮಾಸುತ್ತದೆ, ಕ್ರೇಯಾನ್ ಎದ್ದು ಕಾಣುತ್ತದೆ. ಫೋಟೊವನ್ನು ಫ್ಲ್ಯಾಷ್ ಹಾಕದೆ, ಕಿಟಕಿಯ ಬೆಳಕಿನಲ್ಲಿ, ನೇರ ಮೇಲಿನಿಂದ ತೆಗೆಯಬೇಕು.

ದನಿಮುದ್ರಣದ ದಿನ ಫ್ಯಾನು ನಿಲ್ಲಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಇಡಬೇಕು. ಖಾಲಿ ಕೋಣೆಯಲ್ಲಿ ದನಿ ಮಾರ್ದನಿಸುತ್ತದೆ. ಪುಸ್ತಕ ತುಂಬಿದ ಮೂಲೆ ಮೇಲು. ಎಂಟು ತುಂಡನ್ನೂ ಬೇರೆ ಬೇರೆಯಾಗಿ ಮುದ್ರಿಸಿದರೆ ತೊದಲಿದ ಭಾಗವನ್ನಷ್ಟೇ ಮತ್ತೆ ಹೇಳಿಸಬಹುದು. ಹಾಳೆ ನೋಡಿ ಓದುವ ಮಗುವಿನ ದನಿ ಒಣಗಿರುತ್ತದೆ. ಹಾಳೆ ಮಡಚಿಟ್ಟು, ಎದುರು ಕೂತ ಗೆಳತಿಗೆ ಹೇಳು ಎಂದರೆ ಅದೇ ಮಗುವಿನ ದನಿ ಏರಿಳಿಯತೊಡಗುತ್ತದೆ.

ಜೋಡಣೆಗೆ ಯಾವ ಸರಳ ಆ್ಯಪ್ ಆದರೂ ಆದೀತು; ದನಿಯನ್ನು ಸೋಸಲು ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಕಂಪ್ಯೂಟರ್ ತಂತ್ರಾಂಶ ಸಾಕು. ಹಿನ್ನೆಲೆಗೆ ಸಿನಿಮಾ ಹಾಡು ಬೇಡ. ಅದಕ್ಕೆ ಹಕ್ಕುಸ್ವಾಮ್ಯದ ತೊಡಕಿದೆ, ಜೊತೆಗೆ ಅದು ಮಗುವಿನ ದನಿಯನ್ನು ನುಂಗುತ್ತದೆ. ಕುಟ್ಟಾಣಿಯ ಸದ್ದು, ಕರುವಿನ ಕೂಗನ್ನು ಮಕ್ಕಳೇ ಹಿಡಿದು ತಂದರೆ ಕತೆಗೆ ಬೇರೇನೂ ಬೇಕಿಲ್ಲ.

ಮಗುವಿನ ಹೆಸರು, ಮುಖ, ಊರು ಶಾಲೆಯ ಹೊರಗೆ ಹೋಗುವ ಮುನ್ನ ಪೋಷಕರ ಲಿಖಿತ ಒಪ್ಪಿಗೆ ಪಡೆಯಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಮುಖದ ಬದಲು ಕೈಯಲ್ಲಿ ಬರೆದ ಚಿತ್ರವಿದ್ದರೆ ಅರ್ಧ ಚಿಂತೆ ಅಲ್ಲೇ ನೀಗುತ್ತದೆ. ಮನೆಯ ಕಷ್ಟ, ಜಗಳ ಕತೆಯಲ್ಲಿ ಬಂದಾಗ ಅದನ್ನು ತೋರಿಸಬೇಕೋ ಬೇಡವೋ ಎಂಬುದನ್ನು ಮಗುವಿನೊಂದಿಗೆ ಏಕಾಂತದಲ್ಲಿ ಮಾತಾಡಿಯೇ ತೀರ್ಮಾನಿಸಬೇಕು.

ಕೊನೆಯ ಪೀರಿಯಡ್ಡಿಗೆ ಮನೆಯವರನ್ನು ಕರೆಯಬೇಕು, ಅದರಲ್ಲೂ ಕತೆಯೊಳಗಿನ ಅಜ್ಜಿಯನ್ನು. ಪ್ರದರ್ಶನ ಮುಗಿದ ಮೇಲೆ ಕಡತದ ಒಂದು ಪ್ರತಿ ಶಾಲೆಯಲ್ಲಿ ಉಳಿಯಲಿ, ಇನ್ನೊಂದು ಆ ಮನೆಯ ಫೋನಿಗೆ ಹೋಗಲಿ. ಎಂಟು ಚಿತ್ರದ ಹಾಳೆಗಳು ಮಗುವಿನ ಚೀಲಕ್ಕೆ.