ಗುಳ್ಳೆಯೊಳಗಿನ ನಾದ

ಹುಬ್ಬಳ್ಳಿಯಿಂದ ವಾಸ್ಕೋಗೆ ಹೋಗುವ ರೈಲು ಕ್ಯಾಸಲ್‌ರಾಕ್ ಬಿಟ್ಟು, ದೂಧಸಾಗರದ ತುಂತುರಿನಲ್ಲಿ ಘಟ್ಟ ಇಳಿದು, ಕುಳೆಂ ದಾಟಿದ ಮೇಲೆ ಸಾವರ್ಡೆಗೆ ಬರುತ್ತದೆ. ಕಬ್ಬಿಣದ ಅದಿರಿಗೆ ಹೆಸರಾದ ಊರು. ಕಡಲು ಇಲ್ಲಿಂದ ಕಾಣುವುದಿಲ್ಲ. ಆದರೂ ಕಡಲು ದಿನಕ್ಕೆರಡು ಸಲ ಇಲ್ಲಿಗೆ ಬಂದು ಹೋಗುತ್ತದೆ. ಜುವಾರಿ ನದಿಯ ಉಬ್ಬರ ಇಷ್ಟು ಒಳಗೂ ಏರುತ್ತದೆ. ಅದಿರು ಹೊತ್ತ ಬಾರ್ಜ್‌ಗಳು ಇದೇ ನೀರಿನಲ್ಲಿ ಮುರ್ಮುಗೋವಾ ಬಂದರಿನ ಕಡೆಗೆ ಸಾಗುತ್ತ ಬಂದವು. ಆ ದಾರಿ ಮುಗಿಯುವಲ್ಲಿ, ನದಿಯ ಬಾಯಿಯ ಬಡಗಣ ದಂಡೆಯ ದೋನಾಪಾವ್ಲಾದಲ್ಲಿ, 1966ರ ಜನವರಿ 1ರಂದು ಹುಟ್ಟಿದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಿದೆ. ಸಾವರ್ಡೆಯ ದಡದಲ್ಲಿ ನಾವು ನೋಡುವ ನೀರು ಆ ಸಂಸ್ಥೆಯ ಮುಂದೆ ಹಾದೇ ಕಡಲು ಸೇರಬೇಕು.

ಅಲ್ಲಿಯ ವಿಜ್ಞಾನಿಗಳು ಮಾಡಿರುವ ನೂರಾರು ಕೆಲಸಗಳಲ್ಲಿ ನನ್ನನ್ನು ಬಹುಕಾಲದಿಂದ ಹಿಡಿದಿಟ್ಟಿರುವುದು ಒಂದೇ: ನೀರಿಗೆ ಕಿವಿಗೊಡುವ ಕೆಲಸ. ಕಡಲಿನಲ್ಲಿ ಕಣ್ಣಿನ ಆಟ ಬೇಗ ಮುಗಿಯುತ್ತದೆ. ಇನ್ನೂರು ಮೀಟರ್ ಇಳಿದರೆ ಸಸ್ಯ ಬದುಕುವಷ್ಟು ಬೆಳಕಿಲ್ಲ, ಸಾವಿರ ಮೀಟರಿಗೆ ಬೆಳಕೇ ಇಲ್ಲ. ಶಬ್ದಕ್ಕೆ ಹಾಗಿಲ್ಲ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುವ ಅದು ಸಮುದ್ರದ ನೀರಿನಲ್ಲಿ ಸುಮಾರು 1,500 ಮೀಟರ್ ಓಡುತ್ತದೆ, ಮತ್ತು ಸುಲಭಕ್ಕೆ ಸೋಲುವುದಿಲ್ಲ. ಅಲ್ಲಿ ಬದುಕುವವರ ಪಾಲಿಗೆ ಕಡಲು ಮೊದಲು ಕೇಳುವ ಲೋಕ, ಆಮೇಲೆ ಕಾಣುವ ಲೋಕ.

ನದಿಯ ಬಾಯಿಯಿಂದ ಆಚೆ ಗ್ರಾಂಡೆ ದ್ವೀಪವಿದೆ. ಸುತ್ತ ಸ್ವಲ್ಪ ಹವಳವಿದೆ. ದೋನಾಪಾವ್ಲಾದ ಸಂಶೋಧಕರು ಇದರ ಹತ್ತಿರ ನೀರಿನೊಳಗೆ ಹೈಡ್ರೋಫೋನ್ ಇಳಿಸಿ ಹಗಲೂ ರಾತ್ರಿಯೂ ಧ್ವನಿ ಹಿಡಿದರು. ನೀರಿನ ಒತ್ತಡದ ಏರಿಳಿತವನ್ನು ವಿದ್ಯುತ್ತಾಗಿ ಬದಲಿಸುವ ಪಿಂಗಾಣಿಯ ತುಣುಕೇ ಅದರ ಕಿವಿ. ಹವಳದ ಹತ್ತಿರ ಇಂಥ ಕಿವಿಗೆ ಮೊಟ್ಟಮೊದಲು ಬೀಳುವುದು ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿಯುವಂಥ, ಬಿಡುವೇ ಇಲ್ಲದ ಚಟಪಟ. ಅದು ಬೆರಳುದ್ದದ ಸೀಗಡಿಯದು. ಆ ಜಾತಿಯ ಸೀಗಡಿಗೆ ಒಂದು ಕೊಂಡಿ ಮೈಗೆ ಮೀರಿದಷ್ಟು ದೊಡ್ಡದು. ಅದನ್ನು ರಪ್ಪನೆ ಮುಚ್ಚಿದಾಗ ನೀರಿನ ಒಂದು ಎಳೆ ಎಷ್ಟು ಜೋರಾಗಿ ಚಿಮ್ಮುತ್ತದೆಂದರೆ ಅದರ ಹಿಂದೆ ನೀರೇ ಹರಿದು ಆವಿಯ ಗುಳ್ಳೆಯಾಗುತ್ತದೆ. ಮರುಕ್ಷಣ ಗುಳ್ಳೆ ಕುಸಿಯುತ್ತದೆ. ಕೊಂಡಿಯ ಎರಡು ಬದಿಗಳು ಒಂದಕ್ಕೊಂದು ಬಡಿದ ಸದ್ದೆಂದು ಬಹುಕಾಲ ನಂಬಿದ್ದು ಈ ಕುಸಿತದ ಸದ್ದು ಎಂದು 2000ದಲ್ಲಿ ತಿಳಿಯಿತು. ಮಾರನೆಯ ವರ್ಷ, ಕುಸಿಯುವ ಗುಳ್ಳೆಯೊಳಗೆ ಒಂದು ಮಿಣುಕು ಬೆಳಕೂ ಹುಟ್ಟುತ್ತದೆ ಎಂದು ಗೊತ್ತಾಯಿತು. ಸೀಗಡಿಗೆ ಬೇಕಾದದ್ದು ಒಂದು ಹೊತ್ತಿನ ಬೇಟೆ ಮಾತ್ರ. ಅಷ್ಟರಲ್ಲೇ ನಾದವೂ ಬೆಳಕೂ ಆಗಿಹೋಗುತ್ತವೆ!

ಈ ಚಟಪಟ ತಾರಸ್ಥಾಯಿಯದು. ಹೊತ್ತು ಮುಳುಗಿದ ಮೇಲೆ ಅದರ ಕೆಳಗೆ ಮಂದ್ರದಲ್ಲಿ ಇನ್ನೊಂದು ಏಳುತ್ತದೆ. ಮೊದಲು ಅಲ್ಲೊಂದು ಇಲ್ಲೊಂದು ಗೊರಗೊರ, ಆಮೇಲೆ ಒಂದರ ಮೇಲೊಂದು, ಕೊನೆಗೆ ಯಾವುದು ಯಾರದೆಂದು ಬಿಡಿಸಲಾಗದ ಮೇಳ. ಟೆರಾಪಾನ್ ಕುಲದ ಮೀನುಗಳು, ಕ್ರೋಕರ್ ಕುಟುಂಬದ ಮೀನುಗಳು ಹೀಗೆ ಹಾಡುತ್ತವೆ. ಮೀನಿಗೆ ಗಂಟಲಿನ ಸ್ವರವಿಲ್ಲ. ಹೊಟ್ಟೆಯೊಳಗೆ ತೇಲಲು ನೆರವಾಗುವ ಗಾಳಿಚೀಲವಿದೆ, ಅದನ್ನು ಕುಣಿಸುವ ಸ್ನಾಯುಗಳಿವೆ. ಮಲೇಷ್ಯಾದ ಮೀನುಗಾರರಲ್ಲಿ ನೀರಿಗೆ ತಲೆಯಿಳಿಸಿ, ಕೇಳಿ, ಮೀನು ಎಲ್ಲಿದೆ, ಯಾವುದಿದೆ ಎಂದು ಹೇಳುವವರಿದ್ದರು. ಹೈಡ್ರೋಫೋನಿನ ನಿಜವಾದ ಹಿರಿಯರು ಅವರೇ ಎಂದು ನಾನು ನಂಬುತ್ತೇನೆ.

ಸೀಗಡಿಯಲ್ಲಿ ಗುಳ್ಳೆ, ಮೀನಿನಲ್ಲಿ ಗಾಳಿಯ ಚೀಲ. ಇದನ್ನು ಗಮನಿಸಿದ ಮೇಲೆ ಕಡಲಿನ ಸಂಗೀತ ನನಗೆ ಬೇರೆಯೇ ಆಗಿ ಕೇಳತೊಡಗಿತು. ನೀರು ನಾದವನ್ನು ಹೊರುತ್ತದೆ, ಆದರೆ ಈ ಎರಡೂ ನಾದ ಹುಟ್ಟಲು ನೀರಿನೊಳಗೆ ನೀರಲ್ಲದ ಒಂದಿಷ್ಟು ಜಾಗ ಬೇಕು.

ಆಳಕ್ಕೆ ಹೋದರೂ ಈ ಎಳೆ ತಪ್ಪುವುದಿಲ್ಲ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಜಲಾಂತರ್ಗಾಮಿಗಳಿಗಾಗಿ ಶಬ್ದ ಬಿಟ್ಟು ಪ್ರತಿಧ್ವನಿ ಕಾಯುತ್ತಿದ್ದವರಿಗೆ, ಕಡಲ ತಳ ಇರಬೇಕಾದುದಕ್ಕಿಂತ ಎಷ್ಟೋ ಮೇಲೆ ಇನ್ನೊಂದು ತಳ ಕಾಣಿಸುತ್ತಿತ್ತು. ಅದು ಸಂಜೆ ಮೇಲೇಳುತ್ತಿತ್ತು, ನಸುಕಿಗೆ ಇಳಿಯುತ್ತಿತ್ತು. ನೆಲ ನಡೆದಾಡುವುದಿಲ್ಲವಷ್ಟೆ. ಅದು ಜೀವಿಗಳ ಪದರ. ಅರಬ್ಬಿ ಸಮುದ್ರದಲ್ಲಿ ಆ ಪದರದ ಮುಖ್ಯ ಪಾಲು ದೀಪದ ಮೀನುಗಳದು: ಕೆಲವೇ ಸೆಂಟಿಮೀಟರ್ ಉದ್ದ, ದೊಡ್ಡ ಕಣ್ಣು, ಹೊಟ್ಟೆಯ ಕೆಳಗೆ ಸಾಲುಸಾಲಾಗಿ ಬೆಳಕಿನ ಚುಕ್ಕೆಗಳು. ನಮ್ಮ ಕಡಲಿನಲ್ಲಿ ನೂರೈವತ್ತು ಮೀಟರಿನಿಂದ ಸಾವಿರ ಮೀಟರಿನವರೆಗೆ ಆಮ್ಲಜನಕ ಬಲು ಕಡಿಮೆ. ಬೆನ್ನಟ್ಟುವ ದೊಡ್ಡ ಮೀನುಗಳು ಅಲ್ಲಿ ಉಸಿರು ಕಟ್ಟಿ ಹಿಂದೆ ಸರಿಯುತ್ತವೆ. ದೀಪದ ಮೀನು ಹಗಲೆಲ್ಲ ಅಲ್ಲೇ ಅಡಗಿದ್ದು, ಇರುಳಿಗೆ ಮೇಲೆ ಬಂದು ಮೇಯುತ್ತದೆ. ಸಂಶೋಧನಾ ನೌಕೆಯ ಪರದೆಯ ಮೇಲೆ ಇದು ಒಂದು ಬಣ್ಣದ ಪಟ್ಟಿ. ಸೂರ್ಯ ಇಳಿದಂತೆ ಅದು ಓರೆಯಾಗಿ ಏರತೊಡಗುತ್ತದೆ. ಶಬ್ದವನ್ನು ಮರಳಿಸುವುದರಲ್ಲಿ ಇಲ್ಲೂ ದೊಡ್ಡ ಪಾಲು ಮೀನಿನ ಗಾಳಿಚೀಲದ್ದೇ. ಗ್ರಾಂಡೆಯ ಬಳಿ ಹಾಡಿದ ಅಂಗ, ಇಲ್ಲಿ ತಾನು ಹಾಡದೆ ನಮ್ಮ ದನಿಗೆ ಓಗೊಡುತ್ತದೆ.

ಇನ್ನು ತಿಮಿಂಗಿಲ. 2017ರ ಮಾರ್ಚ್‌ನಲ್ಲಿ ಗೋವಾದ ತೀರದ ಹತ್ತಿರ ಹಿಡಿದ ಧ್ವನಿಯಲ್ಲಿ ಗೂನುಬೆನ್ನಿನ ತಿಮಿಂಗಿಲದ ಹಾಡು ಸಿಕ್ಕಿತು. ಮೀನುಗಳ ಸದ್ದಿಗಾಗಿ ನೀರಿಗೆ ಕಿವಿಯಿಟ್ಟವರಿಗೆ ಇಂಥದ್ದು ದೊರಕುವುದೆಂದರೆ! ಬೇರೆ ಕಡಲುಗಳ ಗೂನುಬೆನ್ನಿನವು ಬೇಸಗೆಗೆ ಧ್ರುವದ ಕಡೆ, ಚಳಿಗೆ ಬಿಸಿನೀರಿನ ಕಡೆ ಸಾವಿರಾರು ಮೈಲಿ ಅಲೆಯುತ್ತವೆ. ಅರಬ್ಬಿ ಸಮುದ್ರದವು ಆ ಕಡಲು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಸುಮಾರು 70,000 ವರ್ಷಗಳಿಂದ ಉಳಿದವುಗಳಿಂದ ಬೇರ್ಪಟ್ಟಿವೆ ಎಂದು ಅವುಗಳ ವಂಶವಾಹಿಗಳು ಹೇಳುತ್ತವೆ. ಸೋವಿಯತ್ ಬೇಟೆ ಹಡಗುಗಳು 1966ರ ನವೆಂಬರ್ ಒಂದರಲ್ಲೇ ಇನ್ನೂರಕ್ಕೂ ಹೆಚ್ಚನ್ನು ಕೊಂದವು. ದೋನಾಪಾವ್ಲಾದ ಸಂಸ್ಥೆ ಹುಟ್ಟಿದ ವರ್ಷವೇ ಅದು. ಒಮಾನ್ ಕಡೆಯ ಅಂದಾಜಿನಂತೆ ಈಗ ಉಳಿದಿರುವುದು ನೂರಕ್ಕಿಂತ ಕಡಿಮೆ. ಆ ಹಾಡನ್ನು ಕೇಳುವಾಗ ಈ ಲೆಕ್ಕ ನನಗೆ ಮರೆಯುವುದಿಲ್ಲ.

ತಿಮಿಂಗಿಲದ ಹಾಡಿಗೂ ಗಾಳಿಯೇ ಆಧಾರ. ಶ್ವಾಸಕೋಶದ ಗಾಳಿಯನ್ನು ಗಂಟಲಿನಲ್ಲಿ ಹಾಯಿಸಿ, ಹೊರಗೆ ಚೆಲ್ಲದೆ, ಅದನ್ನೇ ಮತ್ತೆ ಬಳಸಿ ಹಾಡುತ್ತದೆ. ಒಂದು ಪಲುಕು, ಅದರ ಪುನರಾವರ್ತನೆ, ಅಲ್ಲಿಂದ ಇನ್ನೊಂದು. ಎಲ್ಲ ಮುಗಿದ ಮೇಲೆ ಮತ್ತೆ ಮೊದಲಿನಿಂದ, ಗಂಟೆಗಟ್ಟಲೆ. ವಿಲಂಬಿತ ಖಯಾಲಿಗೆ ಒಗ್ಗಿದ ಧಾರವಾಡದ ಕಿವಿಗೆ ಈ ನಿಧಾನ ಕಷ್ಟವಾಗಲಾರದು. 1977ರಲ್ಲಿ ವಾಯೇಜರ್ ನೌಕೆಗಳು ಹೊತ್ತೊಯ್ದ ಚಿನ್ನದ ಲೇಪದ ಧ್ವನಿತಟ್ಟೆಯಲ್ಲಿ ಗೂನುಬೆನ್ನಿನ ತಿಮಿಂಗಿಲದ ದನಿಯಿದೆ. ಗೋವೆಯ ಕೇರಿ ಎಂಬ ಊರಿನಲ್ಲಿ ಹುಟ್ಟಿದ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಅವರ ಗುರು ಅಲ್ಲಾದಿಯಾ ಖಾನ್. ಆ ಖಾನರ ಮಕ್ಕಳಲ್ಲಿ ಕಲಿತವರು ನಮ್ಮ ಮಲ್ಲಿಕಾರ್ಜುನ ಮನ್ಸೂರರು. ಸೂರ್ಯಮಂಡಲದ ಆಚೆಗೆ ಕಳಿಸಲು ಆರಿಸಿದ ಕೆಲವೇ ನಾದಗಳಲ್ಲಿ ಜುವಾರಿಯ ಸೀಮೆಯದೊಂದು, ಜುವಾರಿಯ ಹೊರಗಿನ ನೀರಿನಲ್ಲೂ ಕೇಳುವಂಥದೊಂದು ಜೊತೆಯಾಗಿ ಹೋಗಿರುವುದು ನನಗೆ ತುಂಬ ಸಂತೋಷದ ಸಂಗತಿ.

ಅದೇ 2017ರ ಕೊನೆಯಲ್ಲಿ ಲುಬಾನ್ ಎಂಬ ತಿಮಿಂಗಿಲ, ಬೆನ್ನಿಗೆ ಉಪಗ್ರಹದ ಗುರುತು ಹೊತ್ತು, ಒಮಾನಿನಿಂದ ಕಡಲನ್ನು ಅಡ್ಡ ದಾಟಿ ಗೋವಾದ ನೇರಕ್ಕೆ ಬಂದು, ಆಮೇಲೆ ತೆಂಕಣಕ್ಕೆ ಹೋಯಿತು. ಹಾಡುವವು ಗಂಡುಗಳು, ಲುಬಾನ್ ಹೆಣ್ಣು. ಅವಳು ಬಂದದ್ದು ಚಳಿಗಾಲದಲ್ಲಿ, ಹಾಡು ದಾಖಲಾದದ್ದು ಮಾರ್ಚ್‌ನಲ್ಲಿ. ನಡುವಣ ತಿಂಗಳುಗಳಲ್ಲಿ ಇಲ್ಲಿ ಯಾರು ಹಾಡಿದರು, ಯಾರು ಕೇಳಿಸಿಕೊಂಡರು? ಗ್ರಾಂಡೆಯ ಬಳಿ ಮಾತ್ರವಲ್ಲ, ಕಾರವಾರದಲ್ಲಿ, ಮುರುಡೇಶ್ವರದಾಚೆಯ ನೇತ್ರಾಣಿಯಲ್ಲಿ ಕೂಡ ಹನ್ನೆರಡು ತಿಂಗಳೂ ನೀರಿನಲ್ಲಿ ಒಂದೊಂದು ಕಿವಿ ಇರಬೇಕೆಂದು ನಾನು ಆಸೆಪಡುವುದು ಇದಕ್ಕಾಗಿಯೇ.