ದಾನಿಗಳು ಕಟ್ಟಿದ ಓದುಮನೆಗಳು

ಮುಂಬಯಿಯ ಗ್ರಂಥಾಲಯಗಳ ಚರಿತ್ರೆಯನ್ನು ದಾನಿಗಳ ಹೆಸರು ಹಿಡಿದೇ ಹೇಳಿಬಿಡಬಹುದು. ಅದರ ಹಿರಿಮೆಯೂ ಕೊರತೆಯೂ ಅಲ್ಲೇ ಇವೆ.

1804ರಲ್ಲಿ ಜೇಮ್ಸ್ ಮ್ಯಾಕಿಂಟಾಷ್ ಕಟ್ಟಿದ ಸಾಹಿತ್ಯ ಸಂಘವೇ ಮುಂದೆ ಟೌನ್‌ಹಾಲಿನ ಏಷ್ಯಾಟಿಕ್ ಸೊಸೈಟಿಯಾಯಿತು. ಡಾಂಟೆಯ ಮಹಾಕಾವ್ಯದ ಹಳೆಯ ಹಸ್ತಪ್ರತಿಯನ್ನು ಜತನವಾಗಿ ಕಾಪಾಡಿದ ಈ ಸಂಸ್ಥೆಗೆ ಮಾಣಕ್‌ಜಿ ಕರ್ಸೆಟ್‌ಜಿ ಎಂಬ ಭಾರತೀಯರನ್ನು ಸದಸ್ಯರಾಗಿ ಒಪ್ಪಿಕೊಳ್ಳಲು 1840ರವರೆಗೆ ಕಾಲ ಬೇಕಾಯಿತು. ಕಾಲಾಘೋಡಾದ ಡೇವಿಡ್ ಸಸೂನ್ ಗ್ರಂಥಾಲಯದ ಕತೆ ನನಗೆ ಹೆಚ್ಚು ಆಪ್ತ. 1847ರಲ್ಲಿ ಅದನ್ನು ಶುರುಮಾಡಿದವರು ಟಂಕಸಾಲೆ ಮತ್ತು ಹಡಗುಕಟ್ಟೆಯಲ್ಲಿ ದುಡಿಯುತ್ತಿದ್ದ ಯುವ ಮೆಕ್ಯಾನಿಕ್ಕುಗಳು. 1870ರ ಕಲ್ಲಿನ ಕಟ್ಟಡದ ಮೇಲೆ ನಿಂತದ್ದು ಮಾತ್ರ ಹಣ ಕೊಟ್ಟ ಸಸೂನರ ಹೆಸರು. ಆ ದಾನ ದೊಡ್ಡದು, ಸಂಶಯವಿಲ್ಲ. ಆದರೆ ದುಡಿಯುವವರು ಕಟ್ಟಿಕೊಂಡ ಓದುಮನೆ ಎಂಬ ನೆನಪು ಉಳಿದಿದ್ದರೆ ಊರಿನ ದಾರಿಯೇ ಬೇರೆಯಾಗುತ್ತಿತ್ತು.

ನಗರ ಬೆಳೆದಂತೆ ಜನ ಉತ್ತರಕ್ಕೆ ಸರಿದರು, ಈ ಪುಸ್ತಕಗಳು ದಕ್ಷಿಣದ ಕೋಟೆ ಪ್ರದೇಶದಲ್ಲೇ ಉಳಿದವು. ಜನರ ಹಿಂದೆಯೇ ಹೊರಟದ್ದು 1898ರ ಮುಂಬಯಿ ಮರಾಠಿ ಗ್ರಂಥ ಸಂಗ್ರಹಾಲಯ; ಬಡಾವಣೆ ಬಡಾವಣೆಗೂ ಅದು ಶಾಖೆ ತೆರೆಯಿತು. ವಿಲೇಪಾರ್ಲೆಯಲ್ಲಿ 1923ರಲ್ಲಿ ಹುಟ್ಟಿದ ಲೋಕಮಾನ್ಯ ಸೇವಾ ಸಂಘವೂ ಆ ಹಾದಿಯದೇ. ಈ ನಗರದ ನಿಜವಾದ ಗ್ರಂಥಾಲಯ ಸಾಧನೆ ಇದು, ಗೋಪುರ ಕಮಾನುಗಳಲ್ಲ.

ಸರಕಾರ ಮಾಡಿದ್ದೇನು? ಮಹಾರಾಷ್ಟ್ರದ 1967ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಸಂಘಸಂಸ್ಥೆಗಳ ಗ್ರಂಥಾಲಯಗಳನ್ನು ದರ್ಜೆಗಳಾಗಿ ವಿಂಗಡಿಸಿ ಅನುದಾನ ಕೊಡುತ್ತದೆ. ಗ್ರಂಥಾಲಯಕ್ಕೆಂದೇ ಮೀಸಲಾದ ತೆರಿಗೆ, ಅಂದರೆ ಸೆಸ್, ವಿಧಿಸುವುದಿಲ್ಲ. ಅದಕ್ಕೂ ಎರಡು ವರ್ಷ ಮೊದಲು ಬಂದ ನಮ್ಮ ಮೈಸೂರು ಕಾಯ್ದೆಯಲ್ಲಿ ಸೆಸ್ ಇದೆ. ವಸೂಲಾದ ಹಣವನ್ನು ಪಾಲಿಕೆಗಳು ಗ್ರಂಥಾಲಯಕ್ಕೆ ಸರಿಯಾಗಿ ಮುಟ್ಟಿಸುವುದಿಲ್ಲ ಎಂಬುದು ಬೆಂಗಳೂರಿನವರ ಹಳೆಯ ದೂರು. ಆದರೂ ತೆರಿಗೆ ಕಟ್ಟಿದವನಿಗೆ ಕೇಳುವ ಹಕ್ಕಿದೆ. ಅನುದಾನದಲ್ಲಿ ಆ ಹಕ್ಕು ಹುಟ್ಟುವುದಿಲ್ಲ. ಸಂಘ ಕಟ್ಟುವ ಚೈತನ್ಯವಿರುವ ಪಾರ್ಲೆಗೆ ಪುಸ್ತಕ ಸಿಗುತ್ತದೆ; ಹೊಟ್ಟೆಪಾಡಿನಲ್ಲೇ ದಿನ ಮುಗಿಯುವ ಮಾನಖುರ್ದ್, ಗೋವಂಡಿಗಳಿಗೆ ಸಂಘ ಕಟ್ಟಿಕೊಡುವವರು ಯಾರು?

ಮುಂಬಯಿ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರಿಗಾಗಿ ನಮ್ಮ ಹಿರಿಯರು ರಾತ್ರಿಶಾಲೆ ನಡೆಸಿದರು. ಓದುವವನ ಬಿಡುವು ನೋಡಿ ಬಾಗಿಲು ತೆರೆದರು. ಗ್ರಂಥಾಲಯಕ್ಕೂ ಅದೇ ಅಳತೆ ಸಲ್ಲಬೇಕು: ಲೋಕಲ್ ಇಳಿದು ಮನೆಗೆ ನಡೆಯುವ ದಾರಿಯಲ್ಲಿ, ರಾತ್ರಿ ಹತ್ತರವರೆಗೆ ತೆರೆದಿರುವ, ಶುಲ್ಕವಿಲ್ಲದ ವಾಚನಾಲಯ. ಅದಕ್ಕೆ ಮೊದಲು 1967ರ ಕಾಯ್ದೆಗೆ ಸೆಸ್ಸಿನ ಕಲಮು ಸೇರಬೇಕು.