ಚೋಮನು ಕೇಳದ ಹಕ್ಕು

ಮಾನವ ಹಕ್ಕುಗಳನ್ನು ಕುರಿತ ಸಾಹಿತ್ಯವೆಂದೊಡನೆ ನಮ್ಮ ಮನಸ್ಸು ಘೋಷಣೆಗಳ ಕಡೆಗೆ ಓಡುತ್ತದೆ. ಹಕ್ಕು ಎಂಬ ಮಾತು ಬಾರದ ಕೃತಿಯಲ್ಲಿ ಹಕ್ಕಿನ ವಿಚಾರವೇ ಇಲ್ಲವೆಂದು ತಿಳಿಯುವವರೂ ಉಂಟು. ಈ ತಿಳಿವಳಿಕೆ ಎಷ್ಟು ಹುಸಿಯೆಂಬುದು ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಇನ್ನೊಮ್ಮೆ ಓದಿದರೆ ಗೊತ್ತಾಗುತ್ತದೆ. ಆ ಕಾದಂಬರಿ ಪ್ರಕಟವಾದುದು 1933ರಲ್ಲಿ. ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದ್ದು 1948ರಲ್ಲಿ.

ಚೋಮನ ಆಸೆ ದೊಡ್ಡದಲ್ಲ. ಅವನ ಬಳಿ ಜೋಡಿ ಎತ್ತುಗಳಿವೆ. ಒಂದು ತುಂಡು ಗದ್ದೆಯನ್ನು ಗೇಣಿಗೆ ಪಡೆದು ಉಳಬೇಕು, ಬೇಸಾಯಗಾರನೆನಿಸಿಕೊಳ್ಳಬೇಕು, ಅಷ್ಟೆ. ಆದರೆ ಅಸ್ಪೃಶ್ಯನು ಇನ್ನೊಬ್ಬನ ಹೊಲದಲ್ಲಿ ಬೆವರು ಸುರಿಸಬಹುದೇ ಹೊರತು ತನ್ನದೆಂದು ಒಂದು ಗೆರೆ ಉಳುವಂತಿಲ್ಲ. ಎತ್ತು ಇದ್ದೂ ನೊಗ ಹೂಡಲಾಗದ ಈ ಸ್ಥಿತಿಯಲ್ಲಿ ಕಾರಂತರು ಇಡೀ ಅನ್ಯಾಯವನ್ನು ಹಿಡಿದಿಟ್ಟಿದ್ದಾರೆ. ಕೇವಲ ಬಡತನದ ಕಥೆಯಾಗಿದ್ದರೆ ಚೋಮನಿಗೆ ಎತ್ತುಗಳು ಇರುತ್ತಿರಲಿಲ್ಲ. ಕೊರತೆಯಾಗಿರುವುದು ಸಾಧನವಲ್ಲ, ಅಧಿಕಾರ.

ಕೃತಿಯ ಇನ್ನೊಂದು ಹಿರಿಮೆಯೆಂದರೆ ಅದರಲ್ಲಿ ಖಳನಾಯಕನಿಲ್ಲ. ಒಡೆಯ ಸಂಕಪ್ಪಯ್ಯ ಕಟುಕನಲ್ಲ, ಅವನಿಗೂ ಕನಿಕರವುಂಟು. ಆದರೆ ಆ ಕನಿಕರ ಆಚಾರದ ಹೊಸ್ತಿಲು ದಾಟದು. ಚೋಮನ ಮಗ ನೀಲ ನೀರಿನಲ್ಲಿ ಮುಳುಗುವಾಗ ಸುತ್ತ ನಿಂತವರು ಅವನ ಸಾವನ್ನು ಬಯಸಿದವರಲ್ಲ, ಮುಟ್ಟಲಾರದವರು, ಅಷ್ಟೆ. ಕೆಟ್ಟವನೊಬ್ಬ ಕಿತ್ತುಕೊಂಡದ್ದನ್ನು ಒಳ್ಳೆಯವನೊಬ್ಬ ಮರಳಿ ಕೊಡಿಸಬಹುದು. ಒಳ್ಳೆಯವರೆಲ್ಲ ಕೂಡಿ ತಡೆಹಿಡಿದದ್ದನ್ನು ಕೊಡಿಸುವವರು ಯಾರು? ಕನಿಕರವೂ ನ್ಯಾಯವೂ ಬೇರೆಬೇರೆ ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಭಾಷಣವೂ ಹೇಳಲಾರದು.

ಹೀಗಿದ್ದರೂ ಒಂದು ಆಕ್ಷೇಪಣೆಯನ್ನು ಎತ್ತಲೇಬೇಕು. ಚೋಮ ಎಲ್ಲಿಯೂ ಹಕ್ಕನ್ನು ಕೇಳುವುದಿಲ್ಲ, ಬೇಡುತ್ತಾನೆ. ಬೇಡಿದ್ದು ದೊರೆಯದಾಗ ನೇಗಿಲನ್ನು ಸುಟ್ಟು, ಗುಡಿಸಲ ಬಾಗಿಲು ಹಾಕಿಕೊಂಡು, ದುಡಿ ಬಾರಿಸುತ್ತ ಪ್ರಾಣ ಬಿಡುತ್ತಾನೆ. ಆ ಅಂತ್ಯದ ಸೊಬಗೇ ನಮಗೊಂದು ಅಪಾಯ. ಓದುಗನು ಕಣ್ಣೊರೆಸಿಕೊಂಡು, ಮನಸ್ಸು ಹಗುರವಾಯಿತೆಂದು ಪುಸ್ತಕ ಮುಚ್ಚಿಬಿಡಬಹುದು. ಅತ್ತ ಮಾತ್ರಕ್ಕೆ ಋಣ ತೀರಿತೆಂದುಕೊಳ್ಳುವ ಸಹೃದಯತೆ ಸಂಕಪ್ಪಯ್ಯನ ಕನಿಕರಕ್ಕಿಂತ ಹೆಚ್ಚಿನದೇನಲ್ಲ.

ಈ ಅಪಾಯಕ್ಕೆ ಉತ್ತರ ಬಂದದ್ದು ಚೋಮನ ಮೊಮ್ಮಕ್ಕಳೆನ್ನಬಹುದಾದ ಲೇಖಕರಿಂದ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಹೊರಬಂದಾಗ ಬೇಡುವ ದನಿ ಕೇಳುವ ದನಿಯಾಯಿತು; ಅದರ ಒರಟುತನವನ್ನು ದೋಷವೆಂದ ವಿಮರ್ಶಕರು ಚೋಮನ ಮೌನಕ್ಕೆ ಒಗ್ಗಿಹೋದವರಿರಬೇಕು. ದೇವನೂರ ಮಹಾದೇವರ ‘ಒಡಲಾಳ’ದ ದಾರಿ ಬೇರೆ. ಅಲ್ಲಿ ಮುದುಕಿ ಸಾಕವ್ವ ಕಳೆದುಹೋದ ತನ್ನ ಹುಂಜವನ್ನು ತಾನೇ ಹುಡುಕುತ್ತಾಳೆ. ಪೊಲೀಸರು ಅವಳ ಮನೆಗೆ ಬರುವುದು ಸಾಹುಕಾರನ ಕಡಲೇಕಾಯಿಯನ್ನು ಹುಡುಕಲು. ಕಾನೂನು ಯಾರ ನಷ್ಟವನ್ನು ನಷ್ಟವೆಂದು ಎಣಿಸುತ್ತದೆ ಎಂಬ ಪ್ರಶ್ನೆಯನ್ನು ಲೇಖಕರು ಬಾಯಿಬಿಟ್ಟು ಕೇಳುವುದಿಲ್ಲ. ಆ ಮನೆಯವರೋ ರಾತ್ರಿಯೆಲ್ಲ ಕುಳಿತು ಕಡಲೇಕಾಯಿ ತಿಂದು ನಗುತ್ತಾರೆ. ಆ ನಗೆಯಲ್ಲಿ ನಮ್ಮ ಕನಿಕರಕ್ಕೆ ಜಾಗವಿಲ್ಲ.

ಹಾಗೆಂದು ಕಾರಂತರ ಕೃತಿ ಹಳತಾಯಿತೆಂದಲ್ಲ. 1950ರ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದುಮಾಡಿತು. 1976ರ ಕಾಯಿದೆ ಜೀತವನ್ನು ನಿಷೇಧಿಸಿತು. ಕಾಯಿದೆ ಬಾಗಿಲನ್ನು ತೆರೆಯಬಲ್ಲುದು. ಒಳಗಿನವರ ಮನಸ್ಸನ್ನು ತೆರೆಯುವ ಕೆಲಸ ಸಾಹಿತ್ಯದ ಪಾಲಿಗೆ ಉಳಿಯುತ್ತದೆ. ‘ಚೋಮನ ದುಡಿ’ಯನ್ನು ಓದಿ ಮುಗಿಸಿದವರು ಪಾಪ ಚೋಮ ಎಂದರೆ ಸಾಲದು. ಅವನು ಬಾಯಿಬಿಟ್ಟು ಕೇಳದೆ ಹೋದ ಹಕ್ಕನ್ನು ಅವನ ಪರವಾಗಿ ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ಆಗಲೇ ಆ ದುಡಿಯ ಸದ್ದು ನಮ್ಮ ಕಿವಿಗೆ ಬಿದ್ದಂತೆ.